ಗಂಟಲಲ್ಲಿ ನಿಂತ ಬೀಳ್ಕೊಡುಗೆ

ನಾಲಿಗೆಯನ್ನು ಗೆದ್ದವನು ಲೋಕವನ್ನೇ ಗೆದ್ದ ಹಾಗೆ, ನಾನಂತೂ ಗೆದ್ದಾಗಿದೆ ಎಂದು ಆ ಬೆಳಿಗ್ಗೆ ಶೂ ಕಟ್ಟಿಕೊಳ್ಳುತ್ತಾ ಹೆಂಡತಿಗೆ ಘೋಷಿಸಿದೆ. ಅದಕ್ಕೆ ಮುಂಚೆ ಎಷ್ಟೋ ವರ್ಷ ನನ್ನ ಶೂ ನನಗೇ ಕಾಣಿಸುತ್ತಿರಲಿಲ್ಲ. ಅವಳೇ ಬಗ್ಗಿ ಕಟ್ಟುತ್ತಿದ್ದಳು. ಮೆಟ್ಟಿಲು ಹತ್ತಿದರೆ ನಾನು ಮೇಲೆ, ಉಸಿರು ಕೆಳಗೆ. ಕೊನೆಗೆ ಸರ್ಜನ್ ಒಬ್ಬರು ನನ್ನ ಹೊಟ್ಟೆಯೊಳಗಿನ ಚೀಲವನ್ನು ಕತ್ತರಿಸಿ ಬಾಳೆಹಣ್ಣಿನ ಗಾತ್ರಕ್ಕೆ ಇಳಿಸಿದ್ದರು. ಆಮೇಲೆ ವಾರಗಟ್ಟಲೆ ಬರೀ ನೀರಿನಂಥದ್ದು, ಮತ್ತೆ ವಾರಗಟ್ಟಲೆ ಕೂಸಿಗೆ ತಿನ್ನಿಸುವಂಥದ್ದು. ಗಟ್ಟಿ ಊಟಕ್ಕೆ ಅಪ್ಪಣೆ ಸಿಕ್ಕಿದ್ದು ಆ ದಿನದಿಂದಲೇ.

ಅಪ್ಪಣೆಯ ಹಿಂದೆಯೇ ಷರತ್ತುಗಳೂ ಬಂದಿದ್ದವು. ಉಗುರಿನಷ್ಟು ಚೂರು ಬಾಯಿಗಿಟ್ಟು ನುಣ್ಣಗಾಗುವವರೆಗೆ ಅಗಿಯಬೇಕು, ಊಟದ ಜೊತೆ ನೀರು ಕೂಡದು, ಸಾಕೆನಿಸಿದ ಕೂಡಲೇ ಕೈ ತೊಳೆಯಬೇಕು ಎಂದಿದ್ದರು ಆಸ್ಪತ್ರೆಯ ಡಯಟಿಷಿಯನ್ ಮೇಡಂ. ಹೆಂಡತಿ ಅಷ್ಟನ್ನೂ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಒಪ್ಪಿಸಿದಳು.

"ನಾನೇನು ಮಗುನಾ?" ಎಂದೆ.

"ಮಗು ಆಗಿದ್ರೆ ಚಿಂತೆ ಇರ್ಲಿಲ್ಲ. ಸಾಕಾದ್ರೆ ಅದು ಮುಖ ತಿರುಗಿಸತ್ತೆ."

ಅವಳ ಭಯಕ್ಕೆ ಕಾರಣವಿತ್ತು. ನಾನು ಕರಡು ತಿದ್ದುವ ಮುದ್ರಣಾಲಯದಲ್ಲಿ ಅಂದು ನಿವೃತ್ತರಾಗುತ್ತಿದ್ದ ಮ್ಯಾನೇಜರ್ ಅವರ ಬೀಳ್ಕೊಡುಗೆ ಊಟ. ಯಂತ್ರಗಳ ಸದ್ದನ್ನೂ ಮೀರಿ ಅವರ ಬೈಗುಳ ಕೇಳಿಸುತ್ತಿದ್ದುದರಿಂದ ನಾವೆಲ್ಲ ಅವರನ್ನು ಗುಡುಗು ಎನ್ನುತ್ತಿದ್ದೆವು. ಒಂದು ಒತ್ತಕ್ಷರ ತಪ್ಪಿದರೂ ಪುಟವನ್ನು ನನ್ನ ಮೂಗಿಗೆ ಹಿಡಿದು, ಇದನ್ನು ಕಣ್ಣಿಂದ ತಿದ್ದಿದ್ದೋ ಹೊಟ್ಟೆಯಿಂದಲೋ ಎಂದು ಕೇಳುತ್ತಿದ್ದರು. ಅವರು ಹೋಗುತ್ತಾರೆಂಬ ಸಂತೋಷಕ್ಕೆ ಬೈಂಡರ್ ಹೊಸ ಅಂಗಿ ತೊಟ್ಟು ಬಂದಿದ್ದ.

ಕಾಗದದ ರೀಮುಗಳನ್ನು ಗೋಡೆಗೊತ್ತಿ ಮೇಜು ಹಾಕಿದ್ದರು. ತಟ್ಟೆಗೆ ಹುರಿದ ಕೋಳಿ ಬಂತು. ಮೊದಲ ಚೂರನ್ನು ಶಾಸ್ತ್ರೋಕ್ತವಾಗಿ ಅಗಿದೆ. ಅಷ್ಟು ದಿನಗಳ ಮೇಲೆ ಹಲ್ಲಿಗೆ ಕೆಲಸ ಸಿಕ್ಕಿತ್ತು. ಕಣ್ಣು ತಾನಾಗಿ ಮುಚ್ಚಿತು. ಅಷ್ಟರಲ್ಲಿ ಮಾಲೀಕರು, ಹಿರಿಯನಾದ ನಾನೇ ಮೊದಲು ನಾಲ್ಕು ಮಾತಾಡಬೇಕೆಂದರು. ತಟ್ಟೆಯಲ್ಲಿದ್ದ ದೊಡ್ಡ ತುಂಡನ್ನು ಅನಾಥವಾಗಿ ಬಿಟ್ಟೇಳಲು ಮನಸ್ಸು ಬರಲಿಲ್ಲ. ಬಾಯಿಗೆ ಹಾಕಿ, ಕಚ್ಚಿದ ಶಾಸ್ತ್ರ ಮಾಡಿ, ನುಂಗಿ ಎದ್ದು ನಿಂತೆ.

ಅದು ಇಳಿಯಲಿಲ್ಲ. ಕಿರಿದಾದ ಬಾಗಿಲಲ್ಲಿ ಸಿಕ್ಕಿಕೊಂಡ ಬೀರುವಿನಂತೆ ಎದೆಯ ನಡುವೆ ನಿಂತುಬಿಟ್ಟಿತು. ಉಸಿರೇನೋ ಆಡುತ್ತಿತ್ತು, ಆದರೆ ನೋವಿಗೆ ಬೆವರು ಕಿತ್ತುಕೊಂಡು ಬಂತು. "ನಮ್ಮ ಸಾಹೇಬರು..." ಎಂದೆ, ಮುಂದೆ ಸ್ವರ ಹೊರಡಲಿಲ್ಲ. ಕಣ್ಣಲ್ಲಿ ಧಾರಾಕಾರ ನೀರು. ಎದೆ ಒತ್ತಿ ಹಿಡಿದುಕೊಂಡೆ. ಯಾರೋ ನೀರಿನ ಲೋಟ ಚಾಚಿದರು. ಕೈ ಮುಗಿದು ಬೇಡವೆಂದೆ. ದುಃಖ ನೀರಿಗೂ ನಿಲುಕದ್ದೆಂದು ಸಭೆ ತಿಳಿಯಿತು. ಬೈಂಡರ್ ಮಾತ್ರ ನನ್ನನ್ನು ದುರುಗುಟ್ಟಿ ನೋಡಿದ.

ಗುಡುಗು ಎದ್ದು ಬಂದು ನನ್ನನ್ನು ತಬ್ಬಿಕೊಂಡು ಮಳೆಯಾಯಿತು.

"ನಿಮಗೆ ಎಷ್ಟು ಬೈದಿದ್ದೀನಿ. ಎಲ್ಲಾ ಹೊಟ್ಟೆಗೆ ಹಾಕ್ಕೊಳ್ಳಿ," ಎಂದರು.

ಒಂದು ಕೋಳಿ ತುಂಡಿಗೇ ಜಾಗವಿಲ್ಲದ ಹೊಟ್ಟೆಗೆ ಇಷ್ಟು ವರ್ಷಗಳ ಬೈಗುಳ ಎಲ್ಲಿ ಹಾಕಿಕೊಳ್ಳಲಿ? ಕೊಸರಿಕೊಂಡು ಬಚ್ಚಲಿಗೆ ಓಡಿದೆ. ತುಂಡು ಬಂದ ದಾರಿಯಲ್ಲೇ ಹಿಂತಿರುಗಿತು. ಪಾಪ, ಅಳು ತಡೆಯಲಾಗಲಿಲ್ಲ ಎಂದು ಹೊರಗೆ ಯಾರೋ ಹೇಳುತ್ತಿದ್ದರು.

ಮುಖ ತೊಳೆದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಿಬ್ಬಂದಿಯ ಇಂಥ ಪ್ರೀತಿಯನ್ನು ಕಂಡ ಮೇಲೆ ಇವರನ್ನು ಕಳಿಸಿಕೊಡುವುದು ಹೇಗೆ ಎಂದು ಮಾಲೀಕರು ಇನ್ನೂ ಒಂದು ವರ್ಷ ಇರಬೇಕೆಂದು ಕೇಳಿಕೊಂಡಿದ್ದರು. ನನ್ನ ಕಣ್ಣೀರಿಗೆ ಮಣಿದು ಗುಡುಗು ಒಪ್ಪಿಕೊಂಡಿತ್ತು. ಚಪ್ಪಾಳೆ ತಟ್ಟಿದವರು ಮಾಲೀಕರೊಬ್ಬರೇ.

ಮನೆಗೆ ಬಂದು ಹೆಂಡತಿಗೆ ಮೊದಲು ತುಂಡು ಸಿಕ್ಕಿಕೊಂಡಿದ್ದನ್ನು ಹೇಳಿದೆ. ಅವಳು ಬೈಯಲಿಲ್ಲ, ನೇರ ಆಸ್ಪತ್ರೆಗೆ ಫೋನ್ ಮಾಡಿದಳು. ಗಾಬರಿಯಿಲ್ಲ, ಸ್ವಲ್ಪ ದಿನ ಮತ್ತೆ ಮೆದು ಊಟಕ್ಕೇ ಹೋಗಲಿ ಎಂದರಂತೆ. ಅವಳು ಸಮಾಧಾನವಾಗಿ ಕೂತ ಮೇಲೆ ಉಳಿದದ್ದನ್ನು ಹೇಳಿದೆ. ಸಹೋದ್ಯೋಗಿಗಳು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅದು ಹೋಗಲಿ ಎಂದರೆ, ನಾಳೆಯಿಂದ ದಿನಾ ಮಧ್ಯಾಹ್ನ ತಮ್ಮ ಕೋಣೆಯಲ್ಲೇ, ತಮ್ಮೆದುರೇ ಕೂತು ಊಟ ಮಾಡಬೇಕೆಂದು ಮ್ಯಾನೇಜರ್ ಪ್ರೀತಿಯಿಂದ ಆಜ್ಞೆ ಮಾಡಿದ್ದಾರೆ.

"ಆ ಮುಖ ನೋಡ್ತಾ ಒಂದು ತುತ್ತೂ ಇಳಿಯಲ್ಲ ಕಣೇ," ಎಂದೆ.

ಅವಳು ನನ್ನ ಹೊಟ್ಟೆಯ ಕಡೆ ಕಣ್ಣು ಹಾಯಿಸಿದಳು.

"ಇದು ಮೊದಲೇ ಗೊತ್ತಿದ್ರೆ ಎಷ್ಟೋ ವರ್ಷದ ಹಿಂದೇನೇ ನಿಮ್ಮನ್ನ ಅವರೆದುರು ಊಟಕ್ಕೆ ಕೂರಿಸ್ತಿದ್ದೆ. ಆಪರೇಷನ್ನೇ ಬೇಕಾಗ್ತಿರ್ಲಿಲ್ಲ."