ಎರಡೇ ಬಾಗಿಲಿನ ಕನಕಾಂಬರ ಕಾರು

ನಮ್ಮ ಅಂಗಡಿಯಲ್ಲಿ ಇಂಥ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಆಗುವ ಮೊದಲೇ ನನಗೆ ಗೊತ್ತಿರುತ್ತೆ. ಗೊತ್ತಿದ್ದೂ ಬಾಯಿ ಬಿಟ್ಟಿರೋದಿಲ್ಲ.

ಅರಸೀಕೆರೆಯಲ್ಲಿ ಅಪ್ಪನದು ಕಾರುಗಳಿಗೆ ಬಣ್ಣ ಹೊಡೆದು, ದೊಡ್ಡ ಚಕ್ರ ಹಾಕಿ, ತಯಾರು ಮಾಡಿದ ಕಂಪನಿಗೇ ಗುರುತು ಸಿಗದ ಹಾಗೆ ಮಾಡಿಕೊಡುವ ಅಂಗಡಿ. ಹಿಂದೆ ಅಪ್ಪ ಲಾರಿಗಳ ಮೇಲೆ ಹಸು, ಕಮಲ, ಹದ್ದು ಬರೆಯುತ್ತಿದ್ದರು. ಈಗ ಬಣ್ಣ ಬೆರೆಸುವ ಅಳತೆ ಕಂಪ್ಯೂಟರಿನಲ್ಲಿದೆ, ಚಕ್ರದ ಕ್ಯಾಟಲಾಗು ಇಂಗ್ಲಿಷಿನಲ್ಲಿದೆ. ಹಾಗಾಗಿ ಕಾನ್ವೆಂಟಿನಲ್ಲಿ ಓದಿದ ನಾನು ಮೂಲೆಯ ಮೇಜಿನಲ್ಲಿದ್ದೇನೆ. ನಮ್ಮ ಸ್ಕೂಲಿನಲ್ಲಿ ಕನ್ನಡ ಮಾತಾಡಿದರೆ ದಂಡ, ಇಂಗ್ಲಿಷ್ ತಪ್ಪು ಮಾತಾಡಿದರೆ ನಗು. ನಾನು ಎರಡೂ ಭಾಷೆಯಲ್ಲಿ ಸುಮ್ಮನಿರುವುದನ್ನು ಚೆನ್ನಾಗಿ ಕಲಿತೆ.

ಅದರ ಫಲವಾಗಿ ಆದದ್ದು ಈ ಒಂದು ಕಾರಿನ ಕತೆ. ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಅವರಷ್ಟು ಹೊತ್ತು ಅಲ್ಲ.

೧. ಹಳೇಬೀಡಿನ ಬಾಳೆಹಣ್ಣು

ಕೊಬ್ಬರಿ ಮಂಡಿಯ ಸಾಹುಕಾರರು ಒಂದು ಬೆಳಿಗ್ಗೆ ಬಂದು ಅಪ್ಪನ ಮುಂದೆ ಕೂತರು. "ಬಿಳೀ ಕಾರು ಸಾಕಾಗೋಯ್ತು ಕಣಯ್ಯ" ಎಂದರು.

ಅವರ ತಾಯಿಗೆ ಎಂಬತ್ತರ ಹತ್ತಿರ. ಕಣ್ಣು ಮಂಜು. ಗಾಢವಾದ ಬಣ್ಣ ಮಾತ್ರ ಚೆನ್ನಾಗಿ ಕಾಣುತ್ತೆ, ಆಕಾರ ಅಷ್ಟಾಗಿ ಕಾಣೋದಿಲ್ಲ. ಪ್ರತಿ ಸೋಮವಾರ ಮಗನ ಜೊತೆ ಒಂದು ದೇವಸ್ಥಾನಕ್ಕೆ ಹೋಗುತ್ತಾರೆ. ದರ್ಶನ ಮುಗಿಸಿ, ಕೋಲು ಊರಿಕೊಂಡು, ಒಬ್ಬರೇ ನಡೆದು ಬಂದು ಕಾರು ಹತ್ತಬೇಕು. ಯಾರಾದರೂ ಕೈ ಹಿಡಿದರೆ, "ನಾನೇನು ಕೂಸಾ?" ಎಂದು ಕೊಡವಿಕೊಳ್ಳುತ್ತಾರೆ. ಅವರಿಗೆ ಉಳಿದಿರುವ ಸ್ವಾತಂತ್ರ್ಯ ಅಷ್ಟೇ, ಗುಡಿಯ ಬಾಗಿಲಿಂದ ಕಾರಿನ ಬಾಗಿಲವರೆಗೆ.

ಹಳೇಬೀಡಿನಲ್ಲಿ ಹಾಗೇ ಬಂದವರು ಸಾಲಾಗಿ ನಿಂತ ಬಿಳಿ ಕಾರುಗಳಲ್ಲಿ ಒಂದನ್ನು ಹತ್ತಿ ಕೂತರಂತೆ. ಅದು ಪ್ರವಾಸಿಗರ ಟ್ಯಾಕ್ಸಿ. ಕನ್ನಡ ಬಾರದ ಗಂಡ ಹೆಂಡತಿ ಬಂದು ಕೈಮುಗಿದು ಇಳಿಯಿರಿ ಎಂದು ಸನ್ನೆ ಮಾಡಿದರು.

"ನನ್ ಮಗ ಬರೋಗಂಟ ನಾನು ಇಳಿಯಾಕಿಲ್ಲ" ಎಂದರಂತೆ ಅಜ್ಜಿ. ಆಮೇಲೆ ಅವರ ಮುಖ ನೋಡಿ ಪಾಪ ಅನ್ನಿಸಿ, "ಹಸಿದೀರೇನೋ, ತಗೊಳ್ಳಿ" ಎಂದು ಸೀಟಿನ ಮೇಲಿದ್ದ ಬಾಳೆಹಣ್ಣು ಕೊಟ್ಟರಂತೆ. ಬಾಳೆಹಣ್ಣೂ ಆ ಗಂಡ ಹೆಂಡತಿಯದೇ.

"ಅದಕ್ಕೇ ಊರಲ್ಲಿ ಇನ್ನೊಂದು ಇರಬಾರದು, ಅಂಥ ಬಣ್ಣ ಹೊಡಿ" ಎಂದು ಸಾಹುಕಾರರು ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಬೆಂಗಳೂರಿನಿಂದ ತರಿಸುತ್ತಿದ್ದ ಸೆಕೆಂಡ್ ಹ್ಯಾಂಡ್ ಮಸಲ್ ಕಾರು. ಉದ್ದ ಮೂತಿ, ಹೋರಿಯಂಥ ಹೆಗಲು, ಸದ್ದು ಮಾಡಿದರೆ ಬೀದಿ ತಿರುಗಿ ನೋಡಬೇಕು. "ಚಕ್ರವೂ ದೊಡ್ಡದು ಬೇಕು. ಅವ್ವ ಮಾಮೂಲಿನಂಗೆ ಹಿಂದೆ ಕೂತ್ಕೋತಾಳೆ. ಮುಂದಿನ ಸೀಟು ನಮ್ಮಪ್ಪಂದು ಅಂತ ಅವಳು ಇವತ್ತಿಗೂ ಅಲ್ಲಿ ಕೂರಾಕಿಲ್ಲ."

ನಾನು ಫೋಟೋ ನೋಡಿದೆ. ಕಾರಿಗೆ ಇದ್ದದ್ದು ಎರಡೇ ಬಾಗಿಲು, ಎರಡೂ ಮುಂದೆ. ಹೇಳೋಣ ಎಂದು ಗಂಟಲು ಸರಿಮಾಡಿಕೊಂಡೆ. ಅಪ್ಪ ನನ್ನ ಕಡೆ ನೀರಿನ ಬಾಟಲಿ ಸರಿಸಿದರು.

೨. ಅಮಾವಾಸ್ಯೆ ದಾಟಿದ ಹೂವು

ಬಣ್ಣ ಯಾವುದು ಎಂದು ಅಜ್ಜಿಯನ್ನೇ ಕೇಳಿದ್ದಾಯಿತು. ಅವರು ಹಿತ್ತಲಿನ ಕನಕಾಂಬರ ಕಿತ್ತು ಬಾಳೆ ಎಲೆಯಲ್ಲಿ ಕಟ್ಟಿ ಕಳಿಸಿದರು. ಅದು ಮಾತ್ರ ಅವರಿಗೆ ಅಂಗಳದ ಆ ತುದಿಯಿಂದಲೂ ಕಾಣುತ್ತಂತೆ.

ಹೂವು ಬಂದದ್ದು ಅಮಾವಾಸ್ಯೆಯ ಹಿಂದಿನ ದಿನ ಸಂಜೆ. ಅಪ್ಪ ಅಮಾವಾಸ್ಯೆಗೆ ಹೊಸ ಬಣ್ಣ ಬೆರೆಸೋದಿಲ್ಲ, ಲಾರಿ ಕಾಲದಿಂದ ಬಂದ ನೇಮ. ಮಾರನೆಯ ದಿನ ಪಾಡ್ಯ, ಅದೂ ಬೇಡ ಎಂದರು. ಹೂವಿನ ಪೊಟ್ಟಣ ನನ್ನ ಮೇಜಿನ ಮೇಲೇ ಇತ್ತು. ಕನಕಾಂಬರ ಕೆಂಪಾಗಿ, ಕಂದಾಗಿ, ಅಂಚು ಮುದುಡಿದ್ದನ್ನು ನಾನು ದಿನಾ ನೋಡಿದೆ. ಹೊಸ ಹೂವು ತರಿಸೋಣ ಎಂದು ಸಾಹುಕಾರರಿಗೆ ಒಂದು ಫೋನ್ ಮಾಡಬಹುದಿತ್ತು. ಆದರೆ ಫೋನೆತ್ತಿದರೆ ಮೊದಲು 'ನಾನು' ಎಂದು ಹೇಳಬೇಕಲ್ಲ, ಅಲ್ಲಿಗೇ ನನಗೆ ನಾಲಿಗೆ ಒಣಗುತ್ತೆ.

ಬಿದಿಗೆಯ ದಿನ ಅಪ್ಪ ಹೂವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ತದೇಕಚಿತ್ತದಿಂದ ಬಣ್ಣ ಸೇರಿಸಿ ಬಾನೆಟ್ಟಿಗೆ ಹೊಡೆದರು. ಹೂವಿಗೂ ಬಾನೆಟ್ಟಿಗೂ ಕೂದಲೆಳೆ ವ್ಯತ್ಯಾಸ ಇರಲಿಲ್ಲ.

ಅಜ್ಜಿಯನ್ನು ಕರೆತಂದು ತೋರಿಸಿದರು. ಬಾನೆಟ್ಟಿನ ಮೇಲೆ ಕೈಯಾಡಿಸಿ, ಮುಖ ಹತ್ತಿರ ತಂದು ನೋಡಿ ಹೇಳಿದರು: "ಚೆನ್ನಾಗೈತೆ ಕಣಪ್ಪ. ಆದ್ರೆ ಇದು ಮೊನ್ನೆ ಮುಡ್ದಿದ್ದ ಹೂವು."

ಎಲ್ಲಾ ಉಜ್ಜಿ ತೆಗೆದು ಮತ್ತೆ ಹೊಡೆಯಬೇಕಾಯಿತು. ಎರಡನೇ ಸಲ ಅಜ್ಜಿ ಹೂವು ಕಳಿಸಲಿಲ್ಲ. ಗಿಡವನ್ನೇ ಕುಂಡದ ಸಮೇತ ಆಟೋದಲ್ಲಿ ತಂದು, ಬಣ್ಣ ಒಣಗುವವರೆಗೆ ಅದರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು.

ಈ ಸಲ ಬಣ್ಣ ಎಷ್ಟು ಚೆನ್ನಾಗಿ ಬಂತೆಂದರೆ ಅಜ್ಜಿ ರಸ್ತೆಯ ಆ ಬದಿಯಿಂದ ಕೋಲು ಎತ್ತಿ ತೋರಿಸಿ, "ಅಗಾ, ನಮ್ಮ ಕಾರು" ಎಂದರು. ನಾನು ಆ ಅಳತೆಯನ್ನು ಕಂಪ್ಯೂಟರಿನಲ್ಲಿ 'ಅಜ್ಜಿ ಕನಕಾಂಬರ' ಎಂದು ಹೆಸರಿಟ್ಟು ಉಳಿಸಿಕೊಂಡೆ.

೩. ಹಲ್ಲು ಕಡಿಯುವ ಕಾರು

ಚಕ್ರ ಬಂತು. ಇಪ್ಪತ್ತೆರಡು ಇಂಚಿನದು. ಟೈರು ಎಷ್ಟು ತೆಳ್ಳಗಿತ್ತೆಂದರೆ ಅಪ್ಪ ಬೆರಳಿನಿಂದ ಒತ್ತಿ ನೋಡಿ, "ಇದು ಟೈರಲ್ಲ, ಚಕ್ರಕ್ಕೆ ಸುತ್ತಿರೋ ರಬ್ಬರ್ ಬ್ಯಾಂಡು" ಎಂದರು. ಈ ಕಾರಿಗೆ ಇಪ್ಪತ್ತು ಇಂಚಿನ ಮೇಲೆ ಹಾಕಿದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಚಕ್ರ ಕಾರಿನ ಮೈಗೆ ತಾಗುತ್ತೆ ಎಂದು ಕ್ಯಾಟಲಾಗಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅಂಗಡಿಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಓದಿದೆ ಕೂಡ. ಮನಸ್ಸಿನಲ್ಲಿ.

ಮೊದಲ ಸೋಮವಾರ ತಾಯಿ ಮಗ ನಮ್ಮ ಅಂಗಡಿಯಿಂದಲೇ ಮಾಲೇಕಲ್ಲು ದೇವಸ್ಥಾನಕ್ಕೆ ಹೊರಟರು. ಅಜ್ಜಿ ಕಾರಿನ ಹಿಂಭಾಗವನ್ನು ಎರಡು ಸಲ ತಡವಿದರು.

"ಹಿಂದ್ಗಡೆ ಬಾಗ್ಲೆಲ್ಲೋ?"

"ಇದಕ್ಕೆ ಇಲ್ಲ ಕಣವ್ವ. ಮುಂದಿನ ಸೀಟು ಮಡಚ್ತೀನಿ, ಬಗ್ಗಿ ನುಗ್ಗು."

"ಗಿರಣಿಗೆ ರಾಗಿ ಸುರಿದಂಗೆ ಸುರೀತೀಯಲ್ಲೋ ನನ್ನ."

ಅಂತೂ ಸಾಹುಕಾರರು, ನಮ್ಮಪ್ಪ ಸೇರಿ ಅವರನ್ನು ಒಳಗೆ ಸೇರಿಸಿದರು. ಕೈ ಹಿಡಿದರೆ ಕೊಡವುವ ಅಜ್ಜಿಯನ್ನು ಇಬ್ಬರು ಹಿಡಿದು ತಳ್ಳುವುದನ್ನು ನೋಡಲಾಗದೆ ನಾನು ಕ್ಯಾಟಲಾಗು ನೋಡಿದೆ. ಒಳಗಿಂದ ಅವರು ನನ್ನನ್ನೇ ಕರೆದರು. "ಮಗಾ, ನೀನು ಓದಿರೋಳು. ಹಿಂದಕ್ಕೊಂದು ಬಾಗ್ಲು ಇಡಿಸಾಕಾಗಲ್ವಾ?"

ಆಗಲ್ಲ ಅಜ್ಜಿ ಎನ್ನಬೇಕಿತ್ತು. "ನೋಡೋಣ ಅಜ್ಜಿ" ಎಂದೆ.

ಕಾರು ಹೊರಟು ಮೊದಲ ತಿರುವಿನಲ್ಲೇ ಕರ್ರ್ ಎಂದಿತು. ಅವತ್ತಿನಿಂದ ಸಾಹುಕಾರರು ಚೂಪಾದ ತಿರುವು ಬಂದ ಕಡೆಯೆಲ್ಲ ನೇರ ಹೋಗಿ, ಅಗಲವಾದ ಜಾಗ ಸಿಕ್ಕಮೇಲೆ ನಿಧಾನವಾಗಿ ಬಳಸಿ ಬರುತ್ತಿದ್ದರು. ಮಂಡಿಯ ಎದುರಿಗೇ ಇರುವ ನಮ್ಮ ಅಂಗಡಿಗೆ ಬರಲು ಅವರಿಗೆ ಅರ್ಧ ಊರು ಸುತ್ತಬೇಕು.

"ಬಲು ಕೋಪದ ಕಾರು ಕಣಮ್ಮ" ಎಂದರು ಅಜ್ಜಿ ನನಗೆ. "ತಿರುಗು ಅಂದ್ರೆ ಹಲ್ಲು ಕಡೀತೈತೆ. ಥೇಟ್ ನಮ್ಮ ಯಜಮಾನರು."

೪. ಇನ್ನೂ ಮೂರು

ಚೆಲುವಿದ್ದ ಕಡೆ ನಕಲು ಹುಟ್ಟುತ್ತೆ. ಮಂಡಿ ಸಾಹುಕಾರರ ಬಣ್ಣವೇ ಬೇಕು ಎಂದು ಒಬ್ಬರಾದ ಮೇಲೆ ಒಬ್ಬರು ಮೂವರು ಬಂದರು. ಅಪ್ಪ ನನ್ನ ಕಡೆ ನೋಡಿ, "ಆ ಅಳತೆ ಇಟ್ಟಿದ್ದೀಯೇನಮ್ಮ?" ಎಂದರು. ಇಲ್ಲ, ಅಳಿಸಿಹೋಯ್ತು ಅಂದಿದ್ದರೆ ಮುಗಿದಿತ್ತು. ನಿಜ ಹೇಳಲೇ ಬಾಯಿ ಬಾರದ ನನಗೆ ಸುಳ್ಳು ಹೇಳುವ ಧೈರ್ಯ ಎಲ್ಲಿಂದ ಬರಬೇಕು. ತಲೆಯಾಡಿಸಿದೆ.

ಮೂರನೆಯವರು ಬೇಲೂರಿನ ಫೋಟೋ ಸ್ಟುಡಿಯೋದವರು. ಬಣ್ಣದ ಜೊತೆ ಕಾರಿಗೆ ದೊಡ್ಡ ಸ್ಪೀಕರೂ ಹಾಕಿಸಿಕೊಂಡರು. ಬಣ್ಣ ನೋಡಿ, "ಇದಕ್ಕೇನಾದ್ರೂ ಹೆಸರಿದೆಯಾ ಮೇಡಂ?" ಎಂದು ಕೇಳಿದರು. ಪರದೆಯ ಮೇಲೆ 'ಅಜ್ಜಿ ಕನಕಾಂಬರ' ಎಂದಿತ್ತು. ಪರದೆಯನ್ನು ಅವರಿಗೆ ಕಾಣದ ಹಾಗೆ ತಿರುಗಿಸಿದೆ.

೫. ಹುಲಿಕೆರೆ

ಒಂದು ಸೋಮವಾರ ತಾಯಿ ಮಗ ಬೇಲೂರಿಗೆ ಹೋಗಿದ್ದರು. ಮಧ್ಯಾಹ್ನ ಅಂಗಡಿಯ ಫೋನು ಹೊಡೆದುಕೊಂಡಿತು. ಅಪ್ಪ ಸ್ಪ್ರೇ ಗನ್ ಹಿಡಿದಿದ್ದರು, ನಾನೇ ಎತ್ತಬೇಕಾಯಿತು.

"ಅವ್ವ ಕಾಣ್ತಿಲ್ಲ ಕಣಮ್ಮ." ಸಾಹುಕಾರರ ದನಿ ಒಡೆದಿತ್ತು. "ನಾನು ಚಪ್ಪಲಿ ಹಾಕ್ಕೊಂಡು ಬರೋದ್ರಲ್ಲಿ ಮುಂದೆ ಬಂದವಳು, ಕಾರಲ್ಲಿಲ್ಲ. ಹೂವಿನೋರು ಕೇಸರಿ ಕಾರು ಹತ್ತಿದ್ದು ನೋಡಿದೀವಿ ಅಂತಾರೆ. ಆ ಬಣ್ಣ ಇನ್ನೂ ಎಷ್ಟಕ್ಕೆ ಹೊಡ್ದಿದೀರಾ?"

"ಮೂರಕ್ಕೆ" ಎಂದೆ. ಮೂವರ ಫೋನ್ ನಂಬರೂ ಕಂಪ್ಯೂಟರಿನಲ್ಲೇ ಇದ್ದವು. ಗುರುತಿಲ್ಲದವರಿಗೆ ನಾನಾಗಿ ಫೋನ್ ಮಾಡಿದ್ದು ಅದೇ ಮೊದಲು.

ಮೊದಲನೆಯವರಿಗೆ, "ನಿಮ್ಮ ಕಾರಿನಲ್ಲಿ ಯಾರಾದರೂ ಅಜ್ಜಿ ಇದ್ದಾರಾ?" ಎಂದೆ. ಏನೋ ಮೋಸದ ಕಾಲ್ ಎಂದುಕೊಂಡು ಇಟ್ಟುಬಿಟ್ಟರು. ಎರಡನೆಯವರು, "ಅಜ್ಜಿ ಇಲ್ಲ, ಅತ್ತೆ ಇದಾರೆ. ಬೇಕಾದ್ರೆ ಕರ್ಕೊಂಡು ಹೋಗಿ" ಎಂದರು. ಸ್ಟುಡಿಯೋದವರು ಎತ್ತಿದಾಗ ಹಾಡಿನ ಅಬ್ಬರಕ್ಕೆ ನನ್ನ ಮಾತೇ ಕೇಳಿಸಲಿಲ್ಲ. ನಾನು ಕಿರುಚಿದೆ. ಅಪ್ಪ ಸ್ಪ್ರೇ ಗನ್ ಕೆಳಗಿಟ್ಟು ನನ್ನನ್ನೇ ನೋಡಿದರು.

"ಹಿಂದಿನ ಸೀಟು ನೋಡಿ."

ಹಾಡು ನಿಂತಿತು. ಆಮೇಲೆ, "ಶಿವನೇ" ಎಂದರು. "ಮಲಗವ್ರೆ ಮೇಡಂ. ಸದ್ಯ, ಉಸಿರಾಡ್ತಾ ಅವ್ರೆ."

ದೇವಸ್ಥಾನದ ಹತ್ತಿರ ಆಲ್ಬಮ್ ಕೊಡಲು ಕಾರು ತೆರೆದೇ ಬಿಟ್ಟು ಹೋಗಿದ್ದರಂತೆ. ಬಂದು ಹಿಂದೆ ನೋಡದೆ ಹಾಡು ಹಾಕಿಕೊಂಡು ಹುಲಿಕೆರೆಯ ಹಳೇ ಕಲ್ಯಾಣಿಗೆ ಹೊರಟಿದ್ದರು, ಮದುವೆಯಾಗಲಿರುವ ಜೋಡಿಯ ಫೋಟೋ ತೆಗೆಯಲು.

ಅಪ್ಪನೂ ನಾನೂ ಅಲ್ಲಿಗೆ ಹೋಗುವಷ್ಟರಲ್ಲಿ ಸಾಹುಕಾರರು ಬಂದು, ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತಿದ್ದ ತಾಯಿಯ ಎರಡೂ ಕೈ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಅವತ್ತು ಹಿಡಿದ ಕೈ ಅವರು ಇನ್ನೂ ಬಿಟ್ಟಿಲ್ಲ. ಗುಡಿಯ ಬಾಗಿಲಿಂದ ಕಾರಿನವರೆಗೂ ಹಿಡಿದೇ ನಡೆಸುತ್ತಾರೆ. ಅಜ್ಜಿ ಈಗ ಕೊಡವಿಕೊಳ್ಳುವುದಿಲ್ಲ. ನನಗೆ ಸಹಿಸಲಾಗದ್ದು ಅದೇ. ಕಂಪ್ಯೂಟರಿನಿಂದ ಆ ಬಣ್ಣ ಅಳಿಸಿದ್ದೇನೆ, ಆದರೆ ರಸ್ತೆಯಿಂದ ಅಳಿಸಲು ಬರುವುದಿಲ್ಲ.

ಆದರೆ ಆ ಹೊತ್ತಿಗೆ ಅಜ್ಜಿಗೆ ಇದೊಂದೂ ಗೊತ್ತಿರಲಿಲ್ಲ. ನಾನು ಹತ್ತಿರ ಹೋಗಿ, "ಅಜ್ಜೀ, ತಪ್ಪು ನಂದು" ಎಂದೆ. ಜೀವಮಾನದಲ್ಲಿ ಮೊದಲ ಸಲ ಹೇಳಬೇಕಾದ್ದನ್ನು ಹೇಳಬೇಕಾದವರಿಗೆ ಹೇಳಿದ್ದೆ.

ದನಿಯಿಂದಲೇ ನನ್ನನ್ನು ಗುರುತು ಹಿಡಿದ ಅವರ ಮುಖ ಅರಳಿತು.

"ತಪ್ಪೇನು ಬಂತು ಮಗಾ, ನೀನೊಬ್ಳೇ ಮಾತು ಉಳಿಸ್ಕೊಂಡೋಳು" ಎಂದರು. "ನೋಡೋಣ ಅಜ್ಜಿ ಅಂದಿದ್ಯಲ್ಲ. ಇವತ್ತು ಗುಡಿಯಿಂದ ಬಂದು ತಡವಿ ನೋಡ್ತೀನಿ, ಹಿಂದಕ್ಕೊಂದು ಬಾಗ್ಲು ಇಡಿಸೇಬಿಟ್ಟಿದೀಯ. ಆ ಖುಷಿಗೇ ನಿದ್ದೆ ಬಂದುಬಿಡ್ತು."