ದಾಕ್ಷಾಯಿಣಿಯ ಟ್ರಕ್ಕಿಗೆ ನಾನು ಹಾಕಿದ ನಾಲ್ಕು ಲೈಟು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿದ್ಯುತ್ತಿನ ಪಾಠ ಹೇಳಿದವನು, ಹೆಂಡತಿಯ ಮಿನಿ ಟ್ರಕ್ಕಿಗೆ ನಾಲ್ಕು ಲೈಟು ಹಾಕಲು ಇನ್ನೊಬ್ಬರನ್ನು ಕರೆಯುವುದೇ? ಸಾಧ್ಯವೇ ಇಲ್ಲ ಎಂದು ನಾನು, ಬೆಂಗೇರಿಯ ನಿವೃತ್ತ ವಿಜ್ಞಾನ ಶಿಕ್ಷಕ ಮುರುಗೆಪ್ಪ, ನಡುಮನೆಯಲ್ಲಿ ನಿಂತು ಘೋಷಿಸಿದೆ. ಕೇಳಲು ಇದ್ದವಳು ದಾಕ್ಷಾಯಿಣಿ ಒಬ್ಬಳೇ. ವಾರಕ್ಕೆ ಮೂರು ದಿನ ನಸುಕಿನಲ್ಲೇ ಮುಗದ ಹಳ್ಳಿಗೆ ಹೋಗಿ, ಅಕ್ಕಿ ಹೇರಿಕೊಂಡು ಅಮರಗೋಳದ ಮಾರ್ಕೆಟ್ಟಿಗೆ ತರುವುದು ಅವಳ ವ್ಯಾಪಾರ. ಚಳಿಗಾಲದ ಮಂಜಿನಲ್ಲಿ ದಾರಿ ಕಾಣುವುದಿಲ್ಲ, ಜಾಸ್ತಿ ಲೈಟು ಬೇಕು ಎಂದಿದ್ದಳು.

"ಗಾಡಿ ವೈರಿಂಗ್ ಮಾಡೋ ಇಮಾಮಹುಸೇನನ ಅಂಗಡ್ಯಾಗ ಹಾಕಸ್ತೇನ್ರಿ," ಎಂದಳು.

"ಅವಗ ಕಲಿಸಿದಾವ ಯಾರು?"

"ನೀವ. ಆದ್ರ ಅಂವ ದಿನಾ ಗಾಡಿ ಮ್ಯಾಲ ಮಾಡತಾನ. ನೀವು ಬೋರ್ಡಿನ ಮ್ಯಾಲ ಅಷ್ಟ ಮಾಡೀರಿ."

ಇಂಥ ಮಾತಿಗೆ ಕೆಲಸದಿಂದಲೇ ಉತ್ತರ ಕೊಡಬೇಕು! ಸ್ಕೇಲು ಹಿಡಿದು ನಕ್ಷೆ ಬರೆದೆ. ಬೇಕಾದ್ದನ್ನು ಜೋಡಿಸಿಕೊಳ್ಳಲೆಂದು ಡ್ಯಾಶ್‌ಬೋರ್ಡಿನಲ್ಲಿ ಎರಡು ಖಾಲಿ ಸ್ವಿಚ್ಚುಗಳಿದ್ದವು. ಅವುಗಳಲ್ಲೊಂದಕ್ಕೆ ನಾಲ್ಕೂ ಲೈಟನ್ನು ನೇರವಾಗಿ ಜೋಡಿಸಿದೆ. ಮನೆಯ ಕಾಲಿಂಗ್ ಬೆಲ್ಲಿಗೆ ತಂದು ಉಳಿದಿದ್ದ ಕೆಂಪು ವೈರು ಸಾಕಾಯಿತು.

ಸ್ವಿಚ್ಚು ಒತ್ತಿದೆ. ಓಣಿಯೆಲ್ಲ ಬೆಳಕು! ಒಂದು ನಿಮಿಷವಾಗಿರಬೇಕು, ಹತ್ತು ಆಂಪಿಯರಿನ ಫ್ಯೂಜು ಸುಟ್ಟಿತು. ಇನ್ನೊಂದು ಹಾಕಿದೆ, ಅದೂ ಸುಟ್ಟಿತು. ಕೊನೆಗೆ ಮೂವತ್ತರದು ಹಾಕಿದೆ. ಆಮೇಲೆ ಫ್ಯೂಜು ಚಕಾರ ಎತ್ತಲಿಲ್ಲ. ಅದನ್ನು ನಾನು ಜಯವೆಂದು ತಿಳಿದೆ.

"ಇಮಾಮಹುಸೇನಗ ಒಮ್ಮೆ ತೋರಸ್ರಿ. ಅಂವ ಹ್ಞೂಂ ಅಂದ್ರ ಅಷ್ಟ ನಾ ಗಾಡಿ ಹತ್ತಾಕಿ," ಎಂದಳು ದಾಕ್ಷಾಯಿಣಿ.

ಸಂಜೆ ತೋರಿಸಿದೆ. ನಲವತ್ತು ದಾಟಿದ ಮನುಷ್ಯ, ಸ್ವಂತ ಅಂಗಡಿ ಉಳ್ಳವನು, ನನ್ನನ್ನು ಕಂಡೊಡನೆ ಕೈ ಒರೆಸಿಕೊಂಡು ಎದ್ದು ನಿಂತ. ಬಗ್ಗಿ ನೋಡಿದ. ಇನ್ನೊಮ್ಮೆ ನೋಡಿದ. ಕೆಮ್ಮಿದ.

"ಸರ್, ಈ ವೈರು ಸ್ವಲ್ಪ..."

"ಏನೋ?" ಎಂದೆ. ತರಗತಿಯ ದನಿ ತಾನಾಗಿಯೇ ಬಂತು.

"ಏನಿಲ್ರಿ ಸರ್. ಬಣ್ಣ ಛಲೋ ಐತ್ರಿ."

ಮನೆಗೆ ಬಂದು, "ಇಮಾಮಹುಸೇನ ಒಪ್ಪಿದ," ಎಂದೆ. ಈ ಬರಹದಲ್ಲಿ ನಾನು ನಾಚಬೇಕಾದ ವಾಕ್ಯ ಅದೊಂದೇ.

ಮರುದಿನ ಮಂಜು ದಟ್ಟವಾಗಿತ್ತು. ಅವಳು ಹೊರಟು ಇಪ್ಪತ್ತು ನಿಮಿಷವಾಗಿತ್ತು, ಫೋನು ಬಂತು.

"ರೀ, ಡ್ಯಾಶ್‌ಬೋರ್ಡಿನ್ಯಾಗ ಊದಿನಕಡ್ಡಿ ಹಚ್ಚಿ ಇಟ್ಟೀರೇನ್ರಿ?"

"ಇಲ್ಲ, ಯಾಕ?"

"ಹಂಗಾರ ಈ ಹೊಗಿ ಎಲ್ಲಿಂದ ಬರಾಕತ್ತೈತಿ?"

"ಇಳೀ! ಲಗೂ ಇಳೀ!" ಎಂದು ಕಿರುಚಿದೆ.

"ಇಳಿದ ಮಾತಾಡಾಕತ್ತೇನಿ. ಬ್ಯಾಟರಿ ವೈರೂ ಕಿತ್ತೇನಿ. ಇಮಾಮಹುಸೇನನ್ನ ಕರಕೊಂಡು ಬರ್ರಿ. ಅಮರಗೋಳದ ಹತ್ತಿರ ಅದೇನಿ."

ಅವನ ಸ್ಕೂಟರಿನ ಹಿಂದೆ ಕೂತು ಹೋಗುವಾಗ ದಾರಿಯುದ್ದಕ್ಕೂ ನಾನು ಒಂದೇ ಚಿತ್ರ ನೋಡುತ್ತಿದ್ದೆ: ಅವಳು ಇಳಿಯುವುದು ಎರಡು ನಿಮಿಷ ತಡವಾಗಿದ್ದರೆ? ನನಗೆ ಅಳು ಬಂತು. ಮಂಜಿದ್ದದ್ದು ಒಳ್ಳೆಯದಾಯಿತು.

ದಾಕ್ಷಾಯಿಣಿ ರಸ್ತೆಯ ಬದಿಗೆ ಸೆರಗು ಹೊದ್ದು ನಿಂತಿದ್ದಳು. ಡ್ಯಾಶ್‌ಬೋರ್ಡಿನ ಕೆಳಗೆ ನನ್ನ ಕೆಂಪು ವೈರು ಕರಗಿ ಕರ್ರಗಾಗಿತ್ತು.

ಇಮಾಮಹುಸೇನ ತಲೆ ತಗ್ಗಿಸಿ ಹೇಳಿದ: "ಸರ್, ಫ್ಯೂಜ್ ಇರೋದು ವೈರ್ ಉಳಸಾಕ್ರಿ. ಸಣ್ಣ ವೈರಿಗೆ ಮೂವತ್ತರದು ಹಾಕಿದ್ರ ಫ್ಯೂಜ್ ಉಳೀತೈತಿ, ವೈರ್ ಸುಡತೈತಿ. ಬ್ಯಾಟರಿಯಿಂದ ದಪ್ಪ ವೈರ್ ತರಬೇಕು, ಬ್ಯಾಟರಿ ಹತ್ತಿರನ ಫ್ಯೂಜ್ ಇರಬೇಕು, ನಡುವ ರಿಲೇ ಹಾಕಬೇಕು. ಸ್ವಿಚ್ಚು ಆ ರಿಲೇಕ್ಕ ಬರೇ ಹುಕುಂ ಕೊಡಬೇಕ್ರಿ, ಲೈಟಿನ ಭಾರ ಹೊರಬಾರದು."

"ನಿನ್ನೆನ ಗೊತ್ತಿತ್ತೇನೋ ನಿನಗ?"

"ಗೊತ್ತಿತ್ರಿ."

"ಮತ್ತ ಯಾಕ ಬಾಯಿ ಬಿಡಲಿಲ್ಲ?"

"ಕಲಿಸಿದ ಗುರುಗಳಿಗೆ ತಪ್ಪು ಅಂತ ಹೆಂಗ ಹೇಳ್ಲಿ ಸರ್? ಮನೀಗೆ ಹೋಗಿ ನಿದ್ದೀನ ಬರಲಿಲ್ರಿ."

ದಾಕ್ಷಾಯಿಣಿ ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇವರು ನಿನ್ನ ಮಾತು ಕೇಳಲಿಲ್ಲ, ನೀ ಇವರಿಗೆ ಹೇಳಲಿಲ್ಲ. ಇಬ್ಬರ ಮರ್ಯಾದಿನೂ ಉಳೀತು. ಗಾಡ್ಯಾಗ ಕುಂತಾಕಿ ನಾನು."

ಇಮಾಮಹುಸೇನ ಅವಸರದಿಂದ ಇಕ್ಕಳ ತೆಗೆದ. ಸುಟ್ಟ ವೈರನ್ನು ಎಳೆದು ಹಿಡಿದು, ನನ್ನ ಕಡೆ ತಿರುಗಿ ವಿನಯದಿಂದ ಕೇಳಿದ: "ಸರ್, ನೀವು ಹ್ಞೂಂ ಅಂದ್ರ ಇದನ್ನ ಕತ್ತರಿಸಲೇನ್ರಿ?"

ನಾನು ಗಂಟಲು ಸರಿಮಾಡಿಕೊಂಡು ಅನುಮತಿ ದಯಪಾಲಿಸುವಷ್ಟರಲ್ಲಿ, ದಾಕ್ಷಾಯಿಣಿ ಅವನ ಕೈಯಿಂದ ಇಕ್ಕಳ ಕಸಿದು ತಾನೇ ಕತ್ತರಿಸಿದಳು.

"ಇನ್ನೂ ಅವರನ್ನ ಕೇಳತೀಯಲ್ಲೋ!" ಎಂದಳು. "ಗಾಡಿ ನಂದು. ಜೀವಾನೂ ನಂದ."