ಮೊಡವೆಗೆ ಮಾತ್ರೆ ಕೇಳಿದ ತಪ್ಪಿಗೆ

ಆಲ್ದೂರಿನ ಮಲ್ಲೇಶನ ಮೆಡಿಕಲ್ ಶಾಪಿನಲ್ಲಿ ಭುವನಾ ಆ ಬೆಳಿಗ್ಗೆ ಕೇಳಿದ್ದು ಒಂದೇ ಒಂದು ಸ್ಟ್ರಿಪ್ ಮಾತ್ರೆ. ಯಾವಾಗಲೂ ಅದನ್ನು ಚಿಕ್ಕಮಗಳೂರಿನಲ್ಲಿ, ಚರ್ಮದ ಡಾಕ್ಟರ ಕ್ಲಿನಿಕ್ಕಿನ ಪಕ್ಕದಲ್ಲೇ ಕೊಳ್ಳುತ್ತಿದ್ದಳು. ಈ ಸಲ ಕೊಯ್ಲು ಶುರುವಾಗಿ, ಅವಳು ಕೆಲಸ ಮಾಡುವ ಕಾಫಿ ಮಂಡಿಗೆ ಭಾನುವಾರವೂ ಲೋಡು ಬಂದು, ಪೇಟೆಗೆ ಹೋಗಲಾಗಿರಲಿಲ್ಲ. ಹಳೇ ಸ್ಟ್ರಿಪ್ ಮುಗಿದಿತ್ತು. ಹೊಸದನ್ನು ಇವತ್ತೇ ಶುರು ಮಾಡಬೇಕಿತ್ತು.

ಮಲ್ಲೇಶ ಡಾಕ್ಟರ ಚೀಟಿಯನ್ನು ಪಕ್ಕಕ್ಕೆ ಸರಿಸಿ ಖಾಲಿ ಸ್ಟ್ರಿಪ್ಪನ್ನು ಕೈಗೆತ್ತಿಕೊಂಡ. ಮುಂದೆ ಓದಿದ. ತಿರುಗಿಸಿ ಹಿಂದೆ ಓದಿದ. ಅವಳ ಮುಖ ನೋಡಿದ. ಆಮೇಲೆ ತಾಳಿ ಇರಬೇಕಾದ ಜಾಗ ನೋಡಿದ.

"ಯಾರಿಗಮ್ಮಾ ಇದು?"

"ನಂಗೆ."

"ನಿಂಗಾ!"

"ಹೂಂ ಮಲ್ಲೇಶಣ್ಣ. ಮೊಡವೆಗೆ."

ಮಲ್ಲೇಶ ಕೌಂಟರಿನ ಮೇಲೆ ಬಗ್ಗಿದ. ದನಿ ತಗ್ಗಿಸಿದೆ ಎಂದು ಅವನು ಅಂದುಕೊಂಡ. ಆದರೆ ಅವನ ಪಿಸುಮಾತು ಗ್ಯಾಸ್ ಸಿಲಿಂಡರು ಸೋರಿದ ಹಾಗೆ ಅಂಗಡಿಯ ಮೂಲೆಮೂಲೆಗೂ ಹೋಯಿತು. "ಮೊಡವೆಗೆ ಟ್ಯೂಬ್ ಇರುತ್ತಮ್ಮಾ, ಸೋಪ್ ಇರುತ್ತೆ. ಇದು ಮಕ್ಕಳಾಗ್ದೇ ಇರೋಕೆ ತಗೊಳ್ಳೋ ಮಾತ್ರೆ."

ಪಕ್ಕದಲ್ಲಿ ಬಿ.ಪಿ. ಮಾತ್ರೆಗೆಂದು ನಿಂತಿದ್ದವರು ಸಿದ್ದಗಂಗಮ್ಮ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯವರು. ಅವರಿಗೆ ಕಿವಿ ಮಂದ. ಬಸ್ಸು ಹಿಂದೆಯೇ ನಿಂತು ಹಾರ್ನ್ ಹೊಡೆದರೂ ಕೇಳುತ್ತಿರಲಿಲ್ಲ. ಆ ಕ್ಷಣದಲ್ಲಿ ಮಾತ್ರ ಎರಡೂ ಕಿವಿ ಸರಿಹೋದವು.

"ಚೀಟಿ ಓದಿ. ಚರ್ಮದ ಡಾಕ್ಟ್ರೇ ಬರ್ದಿರೋದು," ಎಂದಳು ಭುವನಾ. ಚೀಟಿಯನ್ನು ಮತ್ತೆ ಅವನ ಮುಂದಕ್ಕೆ ತಳ್ಳಿದಳು.

"ಡಾಕ್ಟ್ರಿಗೇನು, ಬರ್ದುಬಿಡ್ತಾರೆ. ನಾಳೆ ನಿಮ್ಮಮ್ಮ ಬಂದು ಕೇಳಿದ್ರೆ ನಾನೇನು ಹೇಳ್ಲಿ? ಸ್ಟಾಕ್ ಇಲ್ಲ, ಹೋಗು."

ಕಪಾಟಿನ ಕಡೆ ಕತ್ತು ಕೂಡ ತಿರುಗಿಸದೆ ಹೇಳಿದ.

ಭುವನಾಳಿಗೆ ಇಪ್ಪತ್ತಾರು ವರ್ಷ. ಅದರಲ್ಲಿ ಹತ್ತು ವರ್ಷ ಅವಳ ಮುಖ ಅವಳದಾಗಿರಲಿಲ್ಲ, ಊರಿನದಾಗಿತ್ತು. ದವಡೆಯ ಉದ್ದಕ್ಕೂ ಹಣ್ಣಾದ ರೋಬಸ್ಟಾ ಕಾಫಿಯ ಗೊಂಚಲಿನಂತೆ ಮೊಡವೆಗಳು. ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸರೂ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, "ಎಂತ ಮಾರಾಯ್ತಿ ಇದು?" ಎನ್ನುತ್ತಿದ್ದರು. ಕಡಲೆಹಿಟ್ಟು ಹಚ್ಚು ಎಂದವರಿದ್ದರು, ಟೂತ್‌ಪೇಸ್ಟ್ ಹಚ್ಚು ಎಂದವರಿದ್ದರು, ಬೆಳಿಗ್ಗೆ ಎದ್ದ ತಕ್ಷಣ ನಿನ್ನ ಎಂಜಲನ್ನೇ ಹಚ್ಚು ಎಂದವರೂ ಇದ್ದರು. ಮದುವೆಯಾದರೆ ತಾನಾಗಿ ಹೋಗುತ್ತದೆ ಎಂದು ಎಲ್ಲರೂ ಹೇಳಿದರು. ಎಲ್ಲ ಹಚ್ಚಿ ಸೋತ ಮೇಲೆ ಅವಳು ಚರ್ಮದ ಡಾಕ್ಟರ್ ದಿವ್ಯಾ ಹತ್ತಿರ ಹೋದದ್ದು. ಆಕೆ ರಕ್ತ ಪರೀಕ್ಷೆ ಮಾಡಿಸಿ, ಬಿ.ಪಿ. ನೋಡಿ, ಅರೆತಲೆನೋವಿದೆಯಾ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದಿದೆಯಾ ಎಂದೆಲ್ಲ ಕೇಳಿ, ಹಾರ್ಮೋನಿನ ಏರುಪೇರು ಎಂದು ಈ ಮಾತ್ರೆ ಬರೆದಿದ್ದರು. ಮೂರು ತಿಂಗಳಾಗುವಷ್ಟರಲ್ಲಿ ಹೊಸ ಮೊಡವೆ ಬರುವುದು ನಿಂತಿತ್ತು, ಹಳೆಯವು ಮಾತ್ರ ಇನ್ನೂ ಪೂರ್ತಿ ಮಾಯವಾಗಿರಲಿಲ್ಲ. ನಡುವೆ ಬಿಡಬಾರದು ಎಂದು ಡಾಕ್ಟರು ಒತ್ತಿ ಹೇಳಿದ್ದರು. ಅವಳು ಕನ್ನಡಿಯ ಮುಂದೆ ನಿಲ್ಲಲು ಶುರು ಮಾಡಿದ್ದೇ ಈಚೆಗೆ.

ಮೆಡಿಕಲ್ಲಿನಿಂದ ಮಂಡಿಗೆ ನಡೆದರೆ ಒಂದು ಹಾಡು ಮುಗಿಯುವಷ್ಟು ದೂರ. ಅವಳಿಗಿಂತ ಮೊದಲೇ ಸುದ್ದಿ ಅಲ್ಲಿ ಬಂದು ಕೂತಿತ್ತು.

ಅವಳು ಮೇಜಿನ ಮೇಲಿದ್ದ ಸ್ಯಾಂಪಲ್ ಚೀಲ ಎತ್ತಿದ್ದೇ ತಡ, ಬಿಲ್ ಬರೆಯುವ ಪ್ರೇಮಲತಾ ಎದ್ದು ಬಂದು ಅದನ್ನು ಕಸಿದುಕೊಂಡಳು. ಚೀಲದಲ್ಲಿದ್ದದ್ದು ಒಂದು ಕೆ.ಜಿ. ಕಾಫಿಬೀಜ.

"ಭಾರ ಎತ್ಬೇಡ ಮಾರಾಯ್ತಿ. ಕೂತ್ಕೋ."

"ಯಾಕೆ?"

"ನಂಗೆ ಎಲ್ಲ ಗೊತ್ತು. ಅದಕ್ಕೇ ಮುಖದಲ್ಲಿ ಕಳೆ ಬಂದಿದೆ ಅಂತ ನಾನು ಮೊನ್ನೆಯಿಂದ ಅಂದ್ಕೊಳ್ತಾನೇ ಇದ್ದೆ."

ಭುವನಾಳಿಗೆ ಒಂದು ನಿಮಿಷ ತಲೆ ಓಡಲಿಲ್ಲ. ಆಮೇಲೆ ಹೊಳೆಯಿತು. ಸಿದ್ದಗಂಗಮ್ಮನವರ ಬಾಯಿಂದ ಹೊರಟಾಗ ಅದು ಮಕ್ಕಳಾಗದಿರುವ ಮಾತ್ರೆಯೇ ಆಗಿತ್ತು. ಹೋಟೆಲು ದಾಟಿ, ಹಾಲಿನ ಡೈರಿ ದಾಟಿ, ಮಂಡಿ ಮುಟ್ಟುವಷ್ಟರಲ್ಲಿ ತಡೆಯುವ ಮಾತ್ರೆ ಕೇಳಿದವಳನ್ನು ಊರು ಬಸುರಿ ಮಾಡಿ ಮುಗಿಸಿತ್ತು.

"ಪ್ರೇಮಕ್ಕಾ, ಆ ಮಾತ್ರೆ ತಗೊಂಡ್ರೆ ಬಸುರಿ ಆಗಲ್ಲ! ಅದಾದ್ರೂ ಗೊತ್ತಿಲ್ವಾ?"

"ಹಂಗಾದ್ರೆ ತಗೊಳ್ತಿರೋದು ನಿಜ ಅಂತಾಯ್ತು," ಎಂದಳು ಪ್ರೇಮಲತಾ, ತುಂಬ ಕರುಣೆಯಿಂದ.

ಭುವನಾ ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ಕುಕ್ಕಿದಳು. ಅದರ ಮೊನೆ ಮುರಿಯಿತು.

ಮಂಡಿಯ ಯಜಮಾನರು ಓಂಕಾರಮೂರ್ತಿ. ವಿಭೂತಿ ಅಳಿಸದ ಹಣೆ, ಸಣ್ಣ ದನಿ. ಬೀಜ ಕೈಯಲ್ಲಿ ಹಿಡಿದರೆ ತೇವ ಎಷ್ಟು, ಕಪ್ಪು ಕಾಳು ಎಷ್ಟು ಎಂದು ಮೀಟರಿಗಿಂತ ಮೊದಲೇ ಹೇಳುವ ಭುವನಾಳ ಮೇಲೆ ಅವರಿಗೆ ಅಭಿಮಾನವಿತ್ತು. ಅವತ್ತು ಅವಳನ್ನು ಒಳಗೆ ಕರೆದು, ಅವಳನ್ನು ಬಿಟ್ಟು ಗೋಡೆಯ ಕ್ಯಾಲೆಂಡರ್ ನೋಡುತ್ತ ಮಾತಾಡಿದರು.

"ನೋಡಮ್ಮ, ನಿನ್ನ ವಿಷಯ ನಿನ್ನದು. ಆದ್ರೆ ಇಲ್ಲಿಗೆ ಬೆಳೆಗಾರ್ರು ಮನೆಯವ್ರನ್ನೂ ಕರ್ಕೊಂಡು ಬರ್ತಾರೆ. ನಾಳೆಯಿಂದ ನೀನು ಮುಂದಿನ ಮೇಜಲ್ಲಿ ಕೂರ್ಬೇಡ. ಗೋದಾಮಿನಲ್ಲಿ ಚೀಲ ನೋಡ್ಕೋ."

"ಸಾಹುಕಾರ್ರೇ, ಅದು ಮೊಡವೆಗೆ ಕೊಟ್ಟಿರೋ ಮಾತ್ರೆ."

"ಆಯ್ತಮ್ಮ, ಆಯ್ತು. ಮೊಡವೆ ಅಂತಾನೇ ಇಟ್ಕೊಳ್ಳಣ."

ಇಟ್ಟುಕೊಳ್ಳೋಣವಂತೆ! ತನ್ನ ಮುಖದ ಮೇಲೆ ಎದ್ದು ಕಾಣುವ ಸತ್ಯವನ್ನೂ ಈ ಮನುಷ್ಯ ದಾನ ಕೊಟ್ಟ ಹಾಗೆ ಕೊಡುತ್ತಿದ್ದಾನಲ್ಲ ಎಂದು ಭುವನಾಳ ಮೈ ಉರಿಯಿತು. ಈ ಹತ್ತು ವರ್ಷ ತನ್ನ ಮೊಡವೆ ಎಲ್ಲರ ಕಣ್ಣಿಗೂ ಬಿತ್ತು. ಇವತ್ತು ಒಬ್ಬರಿಗೂ ಕಾಣುತ್ತಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಪಕ್ಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ. ಪ್ರೇಮಲತಾ ತನ್ನ ಮನೆಗೆ ಹೋಗಿ ತಂದಿಟ್ಟಿದ್ದಳು. ಭುವನಾ ಅದನ್ನು ಎತ್ತಿ ಕಿಟಕಿಯಾಚೆ ಎಸೆಯಬೇಕೆಂದುಕೊಂಡಳು. ಒಳ್ಳೇ ಉಪ್ಪಿನಕಾಯಿ. ಅದರ ಮೇಲೆ ಸಿಟ್ಟು ತೀರಿಸಲು ಮನಸ್ಸು ಬರಲಿಲ್ಲ. ಎರಡು ಮಿಡಿ ತಿಂದಳು. ಅದನ್ನು ನೋಡಿದ ಪ್ರೇಮಲತಾ ತನಗೆ ತಾನೇ ತಲೆಯಾಡಿಸಿಕೊಂಡಳು. ಇನ್ನು ಯಾವ ಸಾಕ್ಷಿಯೂ ಬೇಕಿರಲಿಲ್ಲ.

ಊಟ ಮುಗಿಯುವ ಹೊತ್ತಿಗೆ ಒಂದು ಬೈಕು ಮಂಡಿಯ ಮುಂದೆ ಧೂಳೆಬ್ಬಿಸಿ ನಿಂತಿತು. ಇಳಿದವನು ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ರಾಜೇಶ್. ವಾರಕ್ಕೊಮ್ಮೆ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಸ್ಯಾಂಪಲ್ ತರುವವನು. ಒಂದು ಸಂಜೆ ಬಸ್ಸು ತಪ್ಪಿದಾಗ ಭುವನಾಳನ್ನು ಮನೆಯವರೆಗೆ ಬಿಟ್ಟಿದ್ದ. ಇಂಥ ಸುದ್ದಿಗೆ ಒಬ್ಬ ಗಂಡಸು ಬೇಕೇ ಬೇಕಲ್ಲ, ಊರು ಹುಡುಕಿ ಅವನನ್ನು ಹಿಡಿದಿತ್ತು.

"ನಾನೇನು ಮಾಡ್ದೆ ಮಾರಾಯ್ತಿ?" ಎಂದ, ಅಳುವ ದನಿಯಲ್ಲಿ. "ನಮ್ಮ ಸಾಹುಕಾರ್ರು ತೋಟದಲ್ಲಿ ಎಲ್ಲರ ಮುಂದೆ, ಮದ್ವೆ ಯಾವಾಗ ಇಟ್ಕೊಂಡಿದೀಯ ಅಂತ ಕೇಳಿದ್ರು. ಮೇಸ್ತ್ರಿ ಕೈ ಕುಲುಕಿದ!"

"ನೀನು ಏನಂದೆ?"

"ನಂಗೆ ಗೊತ್ತಿಲ್ಲ, ಅವಳನ್ನೇ ಕೇಳಿ ಬರ್ತೀನಿ ಅಂದೆ."

"ಅಯ್ಯೋ ಪುಣ್ಯಾತ್ಮ! ಇಲ್ಲ ಅನ್ನೋಕೆ ನನ್ನನ್ನ ಕೇಳ್ಬೇಕಾ?"

ಅಷ್ಟರಲ್ಲಿ ಆಟೋ ಬಂದು ನಿಂತು, ಅದರಿಂದ ಭುವನಾಳ ಅಮ್ಮ ವಿಶಾಲಾಕ್ಷಮ್ಮ ಇಳಿದರು. ಮನೆಯ ಸೀರೆಯಲ್ಲೇ ಬಂದಿದ್ದರು. ಹಿಂದೆಯೇ ಸಿದ್ದಗಂಗಮ್ಮ. ಸುದ್ದಿ ಮುಟ್ಟಿಸಿದ್ದಲ್ಲದೆ, ದಾರಿ ತೋರಿಸುವುದಕ್ಕೂ ಬಂದಿದ್ದರು.

"ರಕ್ತಶುದ್ಧಿ ಮಾತ್ರೆ ಅಂತ ನಂಗೆ ಹೇಳಿದ್ಯಲ್ಲೇ!" ಎಂದರು ವಿಶಾಲಾಕ್ಷಮ್ಮ ಅಂಗಳದಿಂದಲೇ. "ದಿನಾ ರಾತ್ರಿ ನನ್ನ ಕಣ್ಣೆದುರೇ ನುಂಗ್ತಿದ್ಯಲ್ಲ! ನಾನೇ ಬಿಸಿನೀರು ಕಾಸಿ ಕೊಡ್ತಿದ್ದೆ!" ಆಮೇಲೆ ರಾಜೇಶನನ್ನು ನೋಡಿದರು. "ಇವನೇನಾ?"

"ಅಮ್ಮಾ, ನಾನಲ್ಲ!" ಎಂದ ರಾಜೇಶ್.

"ಹಂಗಾದ್ರೆ ಯಾರು?" ಎಂದರು ಸಿದ್ದಗಂಗಮ್ಮ, ಕಿವಿ ಮುಂದೆ ಮಾಡಿ.

ಅಲ್ಲಿಗೆ ಭುವನಾಳೊಳಗೆ ಏನೋ ಕಡಿದುಹೋಯಿತು. ಬೆಳಿಗ್ಗೆಯಿಂದ ಅವಳು ಎಲ್ಲರಿಗೂ ವಿವರಿಸುತ್ತಿದ್ದಳು, ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ. ಏನು ಕದ್ದಿದ್ದಳು? ಅಮ್ಮನ ರಟ್ಟೆ ಹಿಡಿದಳು. "ಬನ್ನಿ. ಎಲ್ರೂ ಬನ್ನಿ. ಸಾಹುಕಾರ್ರೇ, ನೀವೂ ಬನ್ನಿ. ಪ್ರೇಮಕ್ಕ, ಆ ಉಪ್ಪಿನಕಾಯಿ ಅಲ್ಲಿಡು, ನೀನೂ ಬಾ!"

ಹೊರಟದ್ದು ಆರು ಜನ. ಮೆಡಿಕಲ್ ಮುಟ್ಟುವಾಗ ಹೋಟೆಲಿನಿಂದ ಕಾಫಿ ಲೋಟ ಹಿಡಿದುಕೊಂಡೇ ಬಂದವರು, ಬಸ್ಸಿಗೆ ಕಾಯುತ್ತಿದ್ದವರು ಎಲ್ಲ ಸೇರಿ ಸಣ್ಣ ಮೆರವಣಿಗೆಯಾಗಿತ್ತು. ಮಲ್ಲೇಶ ಷಟರ್ ಎಳೆಯಲು ಕೈ ಎತ್ತಿದ.

"ಮುಟ್ಟಿದ್ರೆ ನೋಡಿ!" ಎಂದಳು ಭುವನಾ. ಅವನ ಕೈ ಕೆಳಗಿಳಿಯಿತು.

ಅವಳು ಡಾಕ್ಟರ್ ದಿವ್ಯಾಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಮೊಬೈಲನ್ನು ಕೌಂಟರಿನ ಮೇಲಿಟ್ಟಳು. "ಮೇಡಂ, ಆಲ್ದೂರಿನ ಅರ್ಧ ಊರು ಇಲ್ಲಿ ನಿಂತಿದೆ. ನಂಗೆ ಆ ಮಾತ್ರೆ ಯಾಕೆ ಕೊಟ್ಟಿದೀರ ಅಂತ ಇವ್ರಿಗೆಲ್ಲ ಹೇಳ್ಬಿಡಿ. ನಾನೇ ಕೇಳ್ತಾ ಇದೀನಿ, ಪೂರ್ತಿ ಹೇಳಿ."

ಡಾಕ್ಟರಿಗೆ ಒಂದು ಕ್ಷಣ ಗಾಬರಿಯಾಯಿತು. ಆಮೇಲೆ ವಿಷಯ ತಿಳಿದು ಅವರಿಗೂ ಸಿಟ್ಟು ಬಂತು. "ಯಾವ ಮೆಡಿಕಲ್ಲದು, ಚೀಟಿ ಇದ್ರೂ ಮಾತ್ರೆ ಕೊಡದೇ ಇರೋದು? ಅದು ಗರ್ಭನಿರೋಧಕ ಮಾತ್ರೆ ಹೌದು. ಅದರಲ್ಲಿರೋ ಹಾರ್ಮೋನು ಮೊಡವೆನೂ ಕಡಿಮೆ ಮಾಡುತ್ತೆ. ಆ ಹುಡುಗಿಗೆ ನಾನು ಕೊಟ್ಟಿರೋದು ಮೊಡವೆಗೇ. ಮೂರ್ನಾಲ್ಕು ತಿಂಗಳಲ್ಲಿ ಮುಖ ಎಷ್ಟೋ ತಿಳಿಯಾಗುತ್ತೆ. ಆದ್ರೆ ಎಲ್ರಿಗೂ ಆಗಲ್ಲ. ಬಿ.ಪಿ. ಇರೋರು, ಬೀಡಿ ಸಿಗರೇಟು ಸೇದೋರು..."

ಮುಂದಿನದು ಯಾರಿಗೂ ಕೇಳಿಸಲಿಲ್ಲ. ಗುಂಪಿನಲ್ಲಿ ಗುಜುಗುಜು ಎದ್ದಿತ್ತು. ಡಾಕ್ಟರು ಇನ್ನೂ ಎರಡು ಮಾತು ಹೇಳಿ, ಪೇಷಂಟುಗಳು ಕಾಯುತ್ತಿದ್ದಾರೆಂದು ಫೋನ್ ಇಟ್ಟರು. ಭುವನಾ ಎದೆ ಸೆಟೆಸಿ ನಿಂತಳು. ತಪ್ಪಾಯ್ತಮ್ಮ ಎಂದು ಮೊದಲು ಯಾರು ಹೇಳುತ್ತಾರೆ ಎಂದು ಒಬ್ಬೊಬ್ಬರ ಮುಖವನ್ನೇ ನೋಡಿದಳು.

ಮೊದಲು ಬಾಯಿಬಿಟ್ಟವರು ಸಿದ್ದಗಂಗಮ್ಮ. "ಮಲ್ಲೇಶಾ, ಮುಖ ತಿಳಿಯಾಗೋದು ಒಂದು ಕೊಡಪ್ಪ. ಮೊಮ್ಮಗಳಿಗೆ."

"ನಂಗೂ ಒಂದು," ಎಂದಳು ಪ್ರೇಮಲತಾ, "ನನ್ನ ತಂಗಿಗೆ."

ಓಂಕಾರಮೂರ್ತಿಯವರು ಕೆಮ್ಮಿ, "ಸೊಸೆಗೆ ಒಂದಿರಲಿ," ಎಂದರು. ಈಗಲೂ ಕ್ಯಾಲೆಂಡರನ್ನೇ ನೋಡುತ್ತಿದ್ದರು. ಮೆಡಿಕಲ್ಲಿನಲ್ಲೂ ಒಂದು ಇತ್ತು.

ಸ್ಟಾಕ್ ಇಲ್ಲ ಎಂದಿದ್ದ ಮಲ್ಲೇಶ ಸ್ಟೂಲು ಹತ್ತಿ ಮೇಲಿನ ಕಪಾಟಿನಿಂದ ಒಂದು ಡಬ್ಬಿ ಇಳಿಸಿದ. ಆಮೇಲೆ ಇನ್ನೊಂದು. ಚೀಟಿ ಎಲ್ಲಿ ಎಂದು ಯಾರನ್ನೂ ಕೇಳಲಿಲ್ಲ. ಯಾರ ಕತ್ತನ್ನೂ ನೋಡಲಿಲ್ಲ. ಹಿಂದಿನವರು ಮುಂದಿನವರನ್ನು ತಳ್ಳಿ, ಭುವನಾ ಕೌಂಟರಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ರಸ್ತೆಗೆ ಬಂದಳು.

"ಅಯ್ಯೋ ಕೇಳ್ರೀ! ಪರೀಕ್ಷೆ ಮಾಡಿಸ್ದೆ ತಗೋಬಾರ್ದು! ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು! ಡಾಕ್ಟ್ರ ಹತ್ರ ಹೋಗಿ ಮೊದ್ಲು!" ಎಂದು ಅವಳು ಗಂಟಲು ಹರಿದುಕೊಂಡಳು.

"ತನಗೊಬ್ಬಳಿಗೇ ಮುಖ ಚೆನ್ನಾಗಿರಲಿ ಅಂತ," ಎಂದಿತು ಗುಂಪಿನಲ್ಲೊಂದು ದನಿ.

ರಾಜೇಶ್ ಒಂದು ಸ್ಟ್ರಿಪ್ ಹಿಡಿದು ಹೊರಬಂದ. ಅವನ ಹಣೆಯಲ್ಲೂ ನಾಲ್ಕು ಮೊಡವೆ ಇದ್ದವು. "ಗಂಡಸ್ರಿಗೆ ಅರ್ಧರ್ಧ ಸಾಕಂತೆ. ಮಲ್ಲೇಶಣ್ಣ ಹೇಳ್ದ."

"ನುಂಗು. ಮುಂದಿನ ವರ್ಷ ಎದೆ ಬೆಳೆದಾಗ ನಿಮ್ಮ ಸಾಹುಕಾರ್ರಿಗೆ ಏನು ಹೇಳ್ತೀಯ ಅಂತ ಈಗ್ಲೇ ಯೋಚ್ನೆ ಮಾಡ್ಕೋ!"

ರಾಜೇಶ್ ಹಾವು ಮುಟ್ಟಿದವನಂತೆ ಅದನ್ನು ಕೈಬಿಟ್ಟ. ಅದು ನೆಲ ಮುಟ್ಟುವ ಮೊದಲೇ ಯಾರೋ ಹೆಂಗಸು ಎತ್ತಿಕೊಂಡು ಸೆರಗಿಗೆ ಸೇರಿಸಿದಳು.

ಜನ ಕರಗುವಷ್ಟರಲ್ಲಿ ಕತ್ತಲಾಗಿತ್ತು. ಭುವನಾ ಕೌಂಟರಿಗೆ ಹೋದಳು. ದನಿ ಒಡೆದಿತ್ತು. "ಈಗಲಾದ್ರೂ ಕೊಡಿ."

ಮಲ್ಲೇಶ ಖಾಲಿ ಡಬ್ಬಿಗಳನ್ನು ತಲೆಕೆಳಗು ಮಾಡಿ ತೋರಿಸಿದ. ಈ ಸಲ ಅವನ ಮಾತು ನಿಜವಾಗಿತ್ತು. "ನಾಡಿದ್ದು ಬಾಮ್ಮಾ. ಎಂತ ಮಾಡೋದು, ಮೊದ್ಲೇ ಹೇಳೋದಲ್ವಾ ನೀನು, ಮೊಡವೆಗೆ ಅಂತ?"

ಅವಳು ಅವನಿಗೆ ಅಂದದ್ದನ್ನು ಇಲ್ಲಿ ಬರೆಯುವುದು ಬೇಡ. ಪಕ್ಕದ ಹೋಟೆಲಿನ ಭಟ್ಟರು ಒಲೆ ಸಣ್ಣಗೆ ಮಾಡಿ ಕೇಳಿಸಿಕೊಂಡರು.

ಈ ಹೊತ್ತಿನಲ್ಲಿ ಹೊರಟು ಅಂಗಡಿ ಮುಚ್ಚುವುದರೊಳಗೆ ಚಿಕ್ಕಮಗಳೂರು ಮುಟ್ಟುವುದು ಆಗದ ಮಾತು. ಮನೆಗೆ ಹೋಗುವ ಆಟೋದಲ್ಲಿ ಅವಳು ಅಮ್ಮನ ಕಡೆ ಮುಖ ತಿರುಗಿಸದೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ವಿಶಾಲಾಕ್ಷಮ್ಮ ಮೆಲ್ಲಗೆ ಅವಳ ತೊಡೆ ತಟ್ಟಿದರು.

"ಬೇಜಾರು ಮಾಡ್ಕೋಬೇಡ್ವೇ. ಕಡೇದೊಂದು ಇತ್ತು. ನಾನು ತಗೊಂಡೆ."

ಭುವನಾ ತಿರುಗಿದಳು. ಬೆಳಿಗ್ಗೆಯಿಂದ ಗಟ್ಟಿ ಹಿಡಿದಿದ್ದ ಅಳು ಕಣ್ಣಿಗೆ ಬಂತು. ಇಡೀ ಊರಿನಲ್ಲಿ ತನ್ನನ್ನು ನಂಬಿದ್ದು ಕಡೆಗೆ ಹೆತ್ತವಳೇ. "ಅಮ್ಮಾ..." ಎಂದು ಕೈ ಚಾಚಿದಳು.

ವಿಶಾಲಾಕ್ಷಮ್ಮ ಕೈಚೀಲವನ್ನು ಎದೆಗವಚಿಕೊಂಡರು.

"ನಿಂಗಲ್ಲ ಕಣೇ! ಬಣಕಲ್ಲಿನಲ್ಲಿ ನಮ್ಮಣ್ಣನ ಮಗಳು ರಕ್ಷಾ ಇಲ್ವಾ, ಅವಳಿಗೆ. ಮುಂದಿನ ವಾರ ಅವಳನ್ನ ನೋಡೋಕೆ ಗಂಡಿನ ಕಡೆಯವ್ರು ಬರ್ತಿದಾರೆ, ಪಾಪ ಮುಖದ ತುಂಬ ಮೊಡವೆ. ನಿಂಗೇನು ಅವಸರ? ಇವತ್ತಿನ ರಂಪ ಕೇಳಿದ್ಮೇಲೆ ಇನ್ನೊಂದು ವರ್ಷ ನಿನ್ನನ್ನ ನೋಡೋಕೆ ಯಾರು ಬರ್ತಾರೆ?"